ರೆಡಿಸ್‌ನ ಮೂಲ ಆದೇಶಗಳು

ರೆಡಿಸ್ ಎಂಬುದು ದತ್ತಾಂಶವನ್ನು ಗಣಕಯಂತ್ರದ ಮುಖ್ಯ ಸ್ಮೃತಿಯಲ್ಲಿ, ಅಂದರೆ ರ‍್ಯಾಮ್‌ನಲ್ಲಿ ಇರಿಸಿಕೊಂಡು ಕಾರ್ಯನಿರ್ವಹಿಸುವ ಕೀಲಿ–ಮೌಲ್ಯ ಮಾದರಿಯ ಡೇಟಾಬೇಸ್. ಇದರಲ್ಲಿ ಪ್ರತಿಯೊಂದು ಮಾಹಿತಿಗೂ ಒಂದು ಹೆಸರಿರುತ್ತದೆ. ಆ ಹೆಸರನ್ನು ಕೀಲಿ ಎಂದೂ ಅದರಡಿ ಇರಿಸಿದ ಮಾಹಿತಿಯನ್ನು ಮೌಲ್ಯ ಎಂದೂ ಕರೆಯುತ್ತಾರೆ. ನಿಘಂಟಿನಲ್ಲಿ ಪದವನ್ನು ಹುಡುಕಿ ಅರ್ಥವನ್ನು ಪಡೆಯುವಂತೆ, ಕೀಲಿಯನ್ನು ಹೇಳಿ ಮೌಲ್ಯವನ್ನು ಪಡೆಯುವುದು ಇದರ ಮೂಲತತ್ತ್ವ. 'ದೂರದ ನಿಘಂಟು ಸರ್ವರ್' ಎಂಬ ಅರ್ಥದ ಇಂಗ್ಲಿಷ್ ಪದಪುಂಜವನ್ನು ಹ್ರಸ್ವಗೊಳಿಸಿ ರೆಡಿಸ್ ಎಂಬ ಹೆಸರನ್ನು ರೂಪಿಸಲಾಗಿದೆ.

ಡಿಸ್ಕ್‌ಗಿಂತ ಸ್ಮೃತಿಯಿಂದ ಓದುವುದು ಹಲವು ಪಟ್ಟು ಶೀಘ್ರವಾದುದರಿಂದ ರೆಡಿಸ್‌ನ ಉತ್ತರಗಳು ಸಾಮಾನ್ಯವಾಗಿ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ ಅವಧಿಯಲ್ಲಿ ದೊರೆಯುತ್ತವೆ. ಆದರೆ ಸ್ಮೃತಿಯು ಮಿತವಾದುದು. ವಿದ್ಯುತ್ ನಿಂತರೆ ಅಳಿಸಿಹೋಗುವಂಥದು. ಆದ್ದರಿಂದ ರೆಡಿಸ್ ಬಳಸುವವರು ಏನನ್ನು ಇರಿಸಬೇಕು ಎಂಬುದರ ಜೊತೆಗೆ, ಅದನ್ನು ಎಷ್ಟು ಕಾಲ ಇರಿಸಬೇಕು ಮತ್ತು ಅದು ಕಳೆದುಹೋದರೆ ನಡೆಯುತ್ತದೆಯೇ ಎಂಬುದನ್ನೂ ನಿರ್ಧರಿಸಬೇಕಾಗುತ್ತದೆ. ಮೂಲ ಆದೇಶಗಳಲ್ಲಿ ಬಹುಪಾಲು ಈ ಮೂರು ಪ್ರಶ್ನೆಗಳಿಗೆ ಸಂಬಂಧಿಸಿದವೇ ಆಗಿವೆ.

ಇತಿಹಾಸ

ರೆಡಿಸ್ ಅನ್ನು ಇಟಲಿಯ ಸಿಸಿಲಿಯವರಾದ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಪ್ರಕಟಿಸಿದರು. ಜಾಲತಾಣಗಳಿಗೆ ಭೇಟಿ ನೀಡುವವರ ವಿವರವನ್ನು ಆಯಾ ಕ್ಷಣದಲ್ಲೇ ತೋರಿಸುವ ಸೇವೆಯೊಂದನ್ನು ಅವರು ನಡೆಸುತ್ತಿದ್ದರು. ಸಾಂಪ್ರದಾಯಿಕ ಡೇಟಾಬೇಸ್‌ಗಳು ಆ ವೇಗಕ್ಕೆ ಸಾಲದೆ ಬಂದುದರಿಂದ ಸ್ಮೃತಿಯಲ್ಲೇ ಪಟ್ಟಿಗಳನ್ನು ಇರಿಸಿಕೊಳ್ಳುವ ಸಣ್ಣ ತಂತ್ರಾಂಶವೊಂದನ್ನು ರಚಿಸಿದರು. ಅದನ್ನು ಬಳಿಕ ಸಿ ಭಾಷೆಯಲ್ಲಿ ಬರೆಯಲಾಯಿತು. 2020ರ ಜೂನ್‌ನಲ್ಲಿ ಅವರು ಯೋಜನೆಯ ಮೇಲ್ವಿಚಾರಣೆಯಿಂದ ನಿವೃತ್ತರಾದರು. 2024ರ ಕೊನೆಯಲ್ಲಿ ಮತ್ತೆ ರೆಡಿಸ್ ಸಂಸ್ಥೆಯನ್ನು ಸೇರಿದರು.

ಇದಕ್ಕೂ ಮೊದಲು, 2003ರಲ್ಲಿ ಬ್ರಾಡ್ ಫಿಟ್ಜ್‌ಪ್ಯಾಟ್ರಿಕ್ ಲೈವ್‌ಜರ್ನಲ್ ಜಾಲತಾಣಕ್ಕಾಗಿ ರಚಿಸಿದ ಮೆಮ್‌ಕ್ಯಾಶ್‌ಡಿ ಎಂಬ ತಂತ್ರಾಂಶವು ಇದೇ ಬಗೆಯ ಕೆಲಸವನ್ನು ಮಾಡುತ್ತಿತ್ತು. ಆದರೆ ಅದರಲ್ಲಿ ಮೌಲ್ಯವೆಂದರೆ ಬರಿಯ ಬೈಟ್‌ಗಳ ಸಾಲು. ಪಟ್ಟಿ, ಗಣ, ಶ್ರೇಣಿ ಮೊದಲಾದ ರಚನೆಗಳನ್ನು ಸರ್ವರ್ ತಾನೇ ಅರಿತು ನಿರ್ವಹಿಸುವುದು ರೆಡಿಸ್‌ನ ವಿಶೇಷ.

ಆದೇಶಗಳನ್ನು ಬರೆಯುವ ಕ್ರಮ

ರೆಡಿಸ್ ಸರ್ವರ್ ಚಾಲನೆಯಲ್ಲಿರುವ ಗಣಕದಲ್ಲಿ ರೆಡಿಸ್-ಸಿಎಲ್‌ಐ ಎಂಬ ಸಾಧನವನ್ನು ತೆರೆದರೆ ಆದೇಶಗಳನ್ನು ನೇರವಾಗಿ ಬೆರಳಚ್ಚಿಸಬಹುದು. ಸರ್ವರ್ ಸಾಮಾನ್ಯವಾಗಿ 6379 ಸಂಖ್ಯೆಯ ಪೋರ್ಟ್‌ನಲ್ಲಿ ಕಾದಿರುತ್ತದೆ. ಪಿಂಗ್ ಎಂಬ ಆದೇಶಕ್ಕೆ ಪಾಂಗ್ ಎಂಬ ಉತ್ತರ ಬಂದರೆ ಸಂಪರ್ಕ ಸರಿಯಿದೆ ಎಂದರ್ಥ.

ಪ್ರತಿಯೊಂದು ಆದೇಶದಲ್ಲಿಯೂ ಮೊದಲು ಕ್ರಿಯೆಯ ಹೆಸರು, ಬಳಿಕ ಸಾಮಾನ್ಯವಾಗಿ ಕೀಲಿ, ಅದರ ನಂತರ ಉಳಿದ ವಿವರಗಳು ಬರುತ್ತವೆ. ಕ್ರಿಯೆಯ ಹೆಸರನ್ನು ರೋಮನ್ ಲಿಪಿಯಲ್ಲಿಯೇ ಬೆರಳಚ್ಚಿಸಬೇಕು. ದೊಡ್ಡಕ್ಷರ, ಚಿಕ್ಕಕ್ಷರಗಳ ಭೇದವಿಲ್ಲ. ಈ ಲೇಖನದಲ್ಲಿ ಅವುಗಳನ್ನು ಉಚ್ಚಾರಣೆಗೆ ಅನುಸಾರವಾಗಿ ಕನ್ನಡದಲ್ಲಿ ಬರೆಯಲಾಗಿದೆ. ಕೀಲಿ ಮತ್ತು ಮೌಲ್ಯಗಳನ್ನಾದರೋ ಕನ್ನಡದಲ್ಲಿಯೇ ಬರೆಯಬಹುದು. ಅವುಗಳ ನಡುವೆ ಖಾಲಿ ಜಾಗವಿದ್ದರೆ ಉದ್ಧರಣ ಚಿಹ್ನೆಗಳೊಳಗೆ ಇರಿಸಬೇಕು. ಕೀಲಿಗಳಲ್ಲಿ ವಿಷಯ ಮತ್ತು ಹೆಸರನ್ನು ವಿವರಣ ಚಿಹ್ನೆಯಿಂದ, ಅಂದರೆ ಎರಡು ಚುಕ್ಕಿಗಳಿಂದ, ಬೇರ್ಪಡಿಸುವುದು ರೂಢಿ. ಇದು ನಿಯಮವಲ್ಲ, ಓದುವವರ ಅನುಕೂಲಕ್ಕಾಗಿ ಬೆಳೆದುಬಂದ ಪದ್ಧತಿ.

ಮುಂದಿನ ಉದಾಹರಣೆಗಳಲ್ಲಿ ದಕ್ಷಿಣ ಬೆಂಗಳೂರಿನ ತ್ಯಾಗರಾಜನಗರ ಮತ್ತು ಅದರ ನೆರೆಯ ಬಡಾವಣೆಗಳ ಹೆಸರುಗಳನ್ನು ಬಳಸಲಾಗಿದೆ.

ಇರಿಸುವುದು, ಪಡೆಯುವುದು, ಅಳಿಸುವುದು

ಮೌಲ್ಯವನ್ನು ಇರಿಸಲು ಸೆಟ್, ಪಡೆಯಲು ಗೆಟ್, ಅಳಿಸಲು ಡೆಲ್ ಎಂಬ ಆದೇಶಗಳಿವೆ.

ಸೆಟ್ ಪಿನ್:ತ್ಯಾಗರಾಜನಗರ 560028
ಗೆಟ್ ಪಿನ್:ತ್ಯಾಗರಾಜನಗರ
ಡೆಲ್ ಪಿನ್:ತ್ಯಾಗರಾಜನಗರ

ಮೊದಲನೆಯ ಆದೇಶಕ್ಕೆ ಓಕೆ ಎಂಬ ಉತ್ತರ ಬರುತ್ತದೆ. ಎರಡನೆಯದು 560028 ಎಂಬ ಮೌಲ್ಯವನ್ನು ಹಿಂದಿರುಗಿಸುತ್ತದೆ. ಮೂರನೆಯದು ಅಳಿಸಲಾದ ಕೀಲಿಗಳ ಸಂಖ್ಯೆಯನ್ನು, ಇಲ್ಲಿ 1 ಎಂದು, ತಿಳಿಸುತ್ತದೆ. ಇಲ್ಲದ ಕೀಲಿಯನ್ನು ಕೇಳಿದರೆ ದೋಷಸೂಚನೆ ಬರುವುದಿಲ್ಲ. ನಿಲ್ ಎಂಬ ಉತ್ತರ ಬರುತ್ತದೆ. ಕೀಲಿ ಇದೆಯೇ ಎಂದಷ್ಟೇ ತಿಳಿಯಲು ಎಕ್ಸಿಸ್ಟ್ಸ್ ಆದೇಶವಿದ್ದು, ಇದ್ದರೆ 1, ಇಲ್ಲದಿದ್ದರೆ 0 ಎಂದು ಉತ್ತರಿಸುತ್ತದೆ.

ಇರುವ ಕೀಲಿಗೆ ಮತ್ತೆ ಸೆಟ್ ಮಾಡಿದರೆ ಹಳೆಯ ಮೌಲ್ಯವು ಯಾವ ಎಚ್ಚರಿಕೆಯೂ ಇಲ್ಲದೆ ಅಳಿದು ಹೊಸತು ಬರುತ್ತದೆ. ಇದನ್ನು ತಡೆಯಬೇಕಾದಲ್ಲಿ ಆದೇಶದ ಕೊನೆಯಲ್ಲಿ ಎನ್‌ಎಕ್ಸ್ ಎಂಬ ಎರಡಕ್ಷರವನ್ನು ಸೇರಿಸಬೇಕು. ಆಗ ಕೀಲಿಯು ಮೊದಲೇ ಇಲ್ಲದಿದ್ದರೆ ಮಾತ್ರ ಮೌಲ್ಯವು ದಾಖಲಾಗುತ್ತದೆ. ಒಂದೇ ಆಸನವನ್ನು ಇಬ್ಬರು ಏಕಕಾಲಕ್ಕೆ ಕಾಯ್ದಿರಿಸಲು ಯತ್ನಿಸಿದಾಗ ಮೊದಲು ತಲುಪಿದವರಿಗೆ ಓಕೆ, ಎರಡನೆಯವರಿಗೆ ನಿಲ್ ದೊರೆಯುವಂತೆ ಮಾಡಲು ಈ ಎರಡಕ್ಷರ ಸಾಕು. ಇದಕ್ಕೆ ವಿರುದ್ಧವಾಗಿ, ಕೀಲಿಯು ಇದ್ದರೆ ಮಾತ್ರ ಬದಲಿಸುವಂತೆ ಸೂಚಿಸಲು ಎಕ್ಸ್‌ಎಕ್ಸ್ ಎಂಬುದನ್ನು ಬಳಸುತ್ತಾರೆ.

ಎಣಿಕೆ

ಮೌಲ್ಯವು ಪೂರ್ಣಾಂಕವಾಗಿದ್ದರೆ ಅದನ್ನು ಒಂದರಷ್ಟು ಹೆಚ್ಚಿಸಲು ಇನ್‌ಕ್ರ್ ಎಂಬ ಆದೇಶವಿದೆ. ಇದರ ಅಕ್ಷರಗಳು ಐ, ಎನ್, ಸಿ, ಆರ್. ಒಂದರಷ್ಟು ಇಳಿಸಲು ಡಿಕ್ರ್, ಬೇಕಾದಷ್ಟು ಹೆಚ್ಚಿಸಲು ಇನ್‌ಕ್ರ್‌ಬೈ ಆದೇಶಗಳಿವೆ. ಕೀಲಿಯು ಇಲ್ಲದಿದ್ದರೆ ಅದನ್ನು 0 ಎಂದು ಭಾವಿಸಿ ಎಣಿಕೆ ಆರಂಭವಾಗುತ್ತದೆ.

ಈ ಆದೇಶದ ಮಹತ್ತ್ವವನ್ನು ಒಂದು ಗ್ರಂಥಾಲಯದ ನಿದರ್ಶನದಿಂದ ತಿಳಿಯಬಹುದು. ಎರಡು ಕೌಂಟರ್‌ಗಳಲ್ಲಿ ಪುಸ್ತಕಗಳನ್ನು ಕೊಡಲಾಗುತ್ತಿದೆ. ಈವರೆಗೆ ಕೊಟ್ಟವು 40. ಇಬ್ಬರು ಸಿಬ್ಬಂದಿಯೂ ಗೆಟ್ ಆದೇಶದಿಂದ 40 ಎಂದು ಓದಿ, ತಾವೇ ಒಂದನ್ನು ಕೂಡಿಸಿ, ಸೆಟ್ ಆದೇಶದಿಂದ 41 ಎಂದು ಬರೆದರೆ ಕೊಟ್ಟ ಎರಡು ಪುಸ್ತಕಗಳಲ್ಲಿ ಒಂದು ಲೆಕ್ಕದಿಂದ ಬಿಟ್ಟುಹೋಗುತ್ತದೆ. ಇಬ್ಬರೂ ಇನ್‌ಕ್ರ್ ಬಳಸಿದರೆ ಫಲಿತಾಂಶ ಎಂದಿಗೂ 42 ಆಗಿರುತ್ತದೆ. ರೆಡಿಸ್ ಆದೇಶಗಳನ್ನು ಒಂದಾದ ಮೇಲೊಂದರಂತೆ ನೆರವೇರಿಸುತ್ತದೆ. ಒಂದು ಆದೇಶ ಮುಗಿಯುವ ತನಕ ಮತ್ತೊಂದು ನಡುವೆ ಪ್ರವೇಶಿಸುವುದಿಲ್ಲ. ಓದುವುದು, ಕೂಡಿಸುವುದು, ಬರೆಯುವುದು ಈ ಮೂರೂ ಇನ್‌ಕ್ರ್‌ನಲ್ಲಿ ಒಂದೇ ಆದೇಶವಾಗಿರುವುದರಿಂದ ಲೆಕ್ಕ ತಪ್ಪುವುದಿಲ್ಲ.

ಆಯುಷ್ಯವನ್ನು ನಿಗದಿಪಡಿಸುವುದು

ರೆಡಿಸ್‌ನಲ್ಲಿ ಕೀಲಿಗೆ ಆಯುಷ್ಯವನ್ನು ನಿಗದಿಪಡಿಸಬಹುದು. ಬ್ಯಾಂಕ್ ವ್ಯವಹಾರಗಳಲ್ಲಿ ಬರುವ ಒಟಿಪಿ ಇದಕ್ಕೆ ತಕ್ಕ ನಿದರ್ಶನ. ಐದು ನಿಮಿಷಗಳ ಬಳಿಕ ಆ ಸಂಖ್ಯೆಗೆ ಬೆಲೆಯಿಲ್ಲ. ಅದನ್ನು ಹುಡುಕಿ ಅಳಿಸುವ ಹೊಣೆಯನ್ನು ಪ್ರತ್ಯೇಕವಾಗಿ ಹೊರಬೇಕಾಗಿಯೂ ಇಲ್ಲ.

ಸೆಟ್ ಒಟಿಪಿ:ಗ್ರಾಹಕ7 483920 ಇಎಕ್ಸ್ 300

ಇಲ್ಲಿ ಇಎಕ್ಸ್ 300 ಎಂಬುದು 300 ಸೆಕೆಂಡುಗಳ ಆಯುಷ್ಯವನ್ನು ಸೂಚಿಸುತ್ತದೆ. ಈಗಾಗಲೇ ಇರುವ ಕೀಲಿಗೆ ಆಯುಷ್ಯವನ್ನು ಕೊಡಲು ಎಕ್ಸ್‌ಪೈರ್, ಕೊಟ್ಟ ಆಯುಷ್ಯವನ್ನು ರದ್ದುಪಡಿಸಲು ಪರ್ಸಿಸ್ಟ್, ಉಳಿದಿರುವ ಸೆಕೆಂಡುಗಳನ್ನು ತಿಳಿಯಲು ಟಿಟಿಎಲ್ ಆದೇಶಗಳಿವೆ. ಟಿಟಿಎಲ್‌ಗೆ ಬರುವ ಎರಡು ಉತ್ತರಗಳ ಅರ್ಥವನ್ನು ನೆನಪಿಡಬೇಕು: -1 ಎಂದರೆ ಕೀಲಿ ಇದೆ, ಆದರೆ ಅದಕ್ಕೆ ಆಯುಷ್ಯದ ಮಿತಿಯಿಲ್ಲ, -2 ಎಂದರೆ ಕೀಲಿಯೇ ಇಲ್ಲ.

ಆಯುಷ್ಯವಿರುವ ಕೀಲಿಗೆ ಮತ್ತೆ ಸರಳವಾಗಿ ಸೆಟ್ ಮಾಡಿದರೆ ಹಳೆಯ ಆಯುಷ್ಯವೂ ಅಳಿಸಿಹೋಗಿ ಕೀಲಿಯು ಶಾಶ್ವತವಾಗುತ್ತದೆ. ಐದು ನಿಮಿಷಗಳಲ್ಲಿ ನಾಶವಾಗಬೇಕಿದ್ದ ಒಟಿಪಿಯು ಹೀಗೆ ಅನಿರ್ದಿಷ್ಟ ಕಾಲ ಉಳಿದರೆ ಅದು ಭದ್ರತೆಯ ಲೋಪವಾಗುತ್ತದೆ. ಆಯುಷ್ಯವನ್ನು ಉಳಿಸಿಕೊಂಡು ಮೌಲ್ಯವನ್ನಷ್ಟೇ ಬದಲಿಸಲು 6.0 ಆವೃತ್ತಿಯಿಂದ ಕೀಪ್‌ಟಿಟಿಎಲ್ ಎಂಬ ಆಯ್ಕೆಯನ್ನು ಒದಗಿಸಲಾಗಿದೆ. ಇನ್‌ಕ್ರ್ ಆದೇಶವು ಆಯುಷ್ಯವನ್ನು ಬದಲಿಸುವುದಿಲ್ಲ.

ಮೌಲ್ಯದ ಬಗೆಗಳು

ಮೇಲೆ ಹೇಳಿದ ಸರಳ ಮೌಲ್ಯವನ್ನು ಸ್ಟ್ರಿಂಗ್ ಎನ್ನುತ್ತಾರೆ. ಒಂದು ಸ್ಟ್ರಿಂಗ್‌ನ ಗರಿಷ್ಠ ಗಾತ್ರ 512 ಮೆಗಾಬೈಟ್. ಇದಲ್ಲದೆ ಪಟ್ಟಿ, ಹ್ಯಾಶ್, ಗಣ, ಶ್ರೇಣೀಕೃತ ಗಣ ಎಂಬ ಬಗೆಗಳಿವೆ. ಯಾವ ಕೀಲಿಯಲ್ಲಿ ಯಾವ ಬಗೆ ಇದೆ ಎಂಬುದನ್ನು ಟೈಪ್ ಎಂಬ ಆದೇಶವು ತಿಳಿಸುತ್ತದೆ. ಒಂದು ಬಗೆಯ ಆದೇಶವನ್ನು ಮತ್ತೊಂದು ಬಗೆಯ ಕೀಲಿಯ ಮೇಲೆ ಪ್ರಯೋಗಿಸಿದರೆ 'ತಪ್ಪು ಬಗೆ' ಎಂಬ ದೋಷಸೂಚನೆ ಬರುತ್ತದೆ. ಪಟ್ಟಿ ಅಥವಾ ಗಣದ ಕೊನೆಯ ಅಂಶವನ್ನು ತೆಗೆದೊಡನೆ ಆ ಕೀಲಿಯೂ ತಾನಾಗಿ ಇಲ್ಲವಾಗುತ್ತದೆ.

ಪಟ್ಟಿ: ಇದರಲ್ಲಿ ಅಂಶಗಳು ಸೇರಿಸಿದ ಕ್ರಮದಲ್ಲಿಯೇ ಇರುತ್ತವೆ. ಬಲತುದಿಗೆ ಸೇರಿಸಲು ಆರ್‌ಪುಶ್, ಎಡತುದಿಗೆ ಸೇರಿಸಲು ಎಲ್‌ಪುಶ್, ತುದಿಗಳಿಂದ ತೆಗೆಯಲು ಆರ್‌ಪಾಪ್ ಮತ್ತು ಎಲ್‌ಪಾಪ್ ಆದೇಶಗಳಿವೆ. ನಮ್ಮ ಮೆಟ್ರೊದ ಹಸಿರು ಮಾರ್ಗದಲ್ಲಿ ಉತ್ತರದಿಂದ ದಕ್ಷಿಣಕ್ಕೆ ಬರುವ ಕೆಲವು ನಿಲ್ದಾಣಗಳನ್ನು ಹೀಗೆ ದಾಖಲಿಸಬಹುದು:

ಆರ್‌ಪುಶ್ ಸಾಲು:ಹಸಿರು ಲಾಲ್‌ಬಾಗ್ "ಸೌತ್ ಎಂಡ್ ವೃತ್ತ" ಜಯನಗರ "ಆರ್‌ವಿ ರಸ್ತೆ" ಬನಶಂಕರಿ
ಎಲ್‌ರೇಂಜ್ ಸಾಲು:ಹಸಿರು 0 2

ಎಣಿಕೆಯು ಸೊನ್ನೆಯಿಂದ ಆರಂಭವಾಗುವುದರಿಂದ ಎರಡನೆಯ ಆದೇಶವು ಲಾಲ್‌ಬಾಗ್, ಸೌತ್ ಎಂಡ್ ವೃತ್ತ, ಜಯನಗರ ಎಂಬ ಮೂರನ್ನು ಕೊಡುತ್ತದೆ. ಪೂರ್ಣ ಪಟ್ಟಿಯನ್ನು ಪಡೆಯಲು 0 ಮತ್ತು -1 ಎಂಬ ಸಂಖ್ಯೆಗಳನ್ನು ಬಳಸುತ್ತಾರೆ. -1 ಎಂದರೆ ಕೊನೆಯ ಅಂಶ. ಬಲದಿಂದ ಸೇರಿಸಿ ಎಡದಿಂದ ತೆಗೆದರೆ ಪಟ್ಟಿಯು ಸರದಿಯ ಸಾಲಿನಂತೆ ವರ್ತಿಸುತ್ತದೆ.

ಹ್ಯಾಶ್: ಒಂದೇ ವಸ್ತುವಿನ ಹಲವು ವಿವರಗಳನ್ನು ಒಂದೇ ಕೀಲಿಯಡಿ ಇರಿಸುವ ಬಗೆ ಇದು. ನೋಂದಣಿ ಪುಸ್ತಕದ ಒಂದು ಸಾಲಿಗೆ ಇದನ್ನು ಹೋಲಿಸಬಹುದು.

ಎಚ್‌ಸೆಟ್ ಬಡಾವಣೆ:ತ್ಯಾಗರಾಜನಗರ ಪಿನ್ 560028 ನಗರ ಬೆಂಗಳೂರು
ಎಚ್‌ಗೆಟ್ ಬಡಾವಣೆ:ತ್ಯಾಗರಾಜನಗರ ಪಿನ್
ಎಚ್‌ಗೆಟ್‌ಆಲ್ ಬಡಾವಣೆ:ತ್ಯಾಗರಾಜನಗರ

ಮೊದಲನೆಯದಕ್ಕೆ ಹೊಸದಾಗಿ ಸೇರಿದ ವಿವರಗಳ ಸಂಖ್ಯೆಯಾದ 2 ಎಂಬ ಉತ್ತರ ಬರುತ್ತದೆ. ಇರುವ ವಿವರವನ್ನೇ ತಿದ್ದಿದರೆ ಉತ್ತರ 0. ಇದು ವಿಫಲತೆಯ ಸೂಚನೆಯಲ್ಲ, ಹೊಸ ವಿವರ ಸೇರಿಲ್ಲ ಎಂಬುದರ ಸೂಚನೆ ಮಾತ್ರ.

ಗಣ: ಶಾಲೆಯ ಗಣಿತದಲ್ಲಿ ಕಲಿಸುವ ಗಣದಂತೆಯೇ ಇದರಲ್ಲಿ ಒಂದು ಅಂಶಕ್ಕೆ ಒಂದೇ ಸ್ಥಾನ, ಕ್ರಮವಿಲ್ಲ. ಸೇರಿಸಲು ಎಸ್‌ಆಡ್, ಸದಸ್ಯತ್ವವನ್ನು ಪರೀಕ್ಷಿಸಲು ಎಸ್‌ಈಸ್‌ಮೆಂಬರ್, ಸಂಯೋಗಕ್ಕೆ ಎಸ್‌ಯೂನಿಯನ್, ಛೇದನಕ್ಕೆ ಎಸ್‌ಇಂಟರ್ ಆದೇಶಗಳಿವೆ.

ಎಸ್‌ಆಡ್ ಗಣ:ಹಸಿರು ಜಯನಗರ "ಆರ್‌ವಿ ರಸ್ತೆ" ಬನಶಂಕರಿ
ಎಸ್‌ಆಡ್ ಗಣ:ಹಳದಿ "ಆರ್‌ವಿ ರಸ್ತೆ" ರಾಗಿಗುಡ್ಡ "ಬಿಟಿಎಂ ಲೇಔಟ್"
ಎಸ್‌ಇಂಟರ್ ಗಣ:ಹಸಿರು ಗಣ:ಹಳದಿ

ಕೊನೆಯ ಆದೇಶದ ಉತ್ತರ ಆರ್‌ವಿ ರಸ್ತೆ. 2025ರ ಆಗಸ್ಟ್‌ನಲ್ಲಿ ಹಳದಿ ಮಾರ್ಗ ಆರಂಭವಾದ ಬಳಿಕ ಎರಡು ಮಾರ್ಗಗಳ ನಡುವೆ ರೈಲು ಬದಲಿಸುವ ನಿಲ್ದಾಣ ಅದೇ ಆಗಿದೆ. ಪಟ್ಟಿಗೂ ಗಣಕ್ಕೂ ಬೇರೆ ಬೇರೆ ಕೀಲಿಗಳನ್ನು ಬಳಸಿರುವುದನ್ನು ಇಲ್ಲಿ ಗಮನಿಸಬೇಕು. ಸಾಲು:ಹಸಿರು ಎಂಬ ಕೀಲಿಯ ಮೇಲೆಯೇ ಎಸ್‌ಆಡ್ ಮಾಡಿದ್ದರೆ 'ತಪ್ಪು ಬಗೆ' ಎಂಬ ದೋಷಸೂಚನೆ ಬರುತ್ತಿತ್ತು.

ಶ್ರೇಣೀಕೃತ ಗಣ: ಇದರಲ್ಲಿ ಪ್ರತಿಯೊಂದು ಅಂಶಕ್ಕೂ ಒಂದು ಅಂಕವಿರುತ್ತದೆ, ಅಂಶಗಳು ಸದಾ ಆ ಅಂಕದ ಏರಿಕೆಯ ಕ್ರಮದಲ್ಲಿ ಜೋಡಣೆಗೊಂಡಿರುತ್ತವೆ. ಝಡ್‌ಆಡ್ ಆದೇಶದಿಂದ ಅಂಕದೊಡನೆ ಅಂಶವನ್ನು ಸೇರಿಸಬಹುದು. ಝಡ್‌ಇನ್‌ಕ್ರ್‌ಬೈ ಆದೇಶದಿಂದ ಅಂಕವನ್ನು ಹೆಚ್ಚಿಸಬಹುದು. ಝಡ್‌ರೇಂಜ್ ಆದೇಶದಿಂದ ಬೇಕಾದ ಸ್ಥಾನಗಳನ್ನು ಪಡೆಯಬಹುದು. ವಿಶ್ವಕೋಶವೊಂದರಲ್ಲಿ ಪುಟವನ್ನು ತೆರೆದಾಗಲೆಲ್ಲ ಆ ಪುಟದ ಅಂಕವನ್ನು ಒಂದರಷ್ಟು ಹೆಚ್ಚಿಸುತ್ತ ಹೋದರೆ, ಅತಿ ಹೆಚ್ಚು ಓದಲಾದ ಹತ್ತು ಪುಟಗಳ ಪಟ್ಟಿಯು ಪ್ರತ್ಯೇಕ ವಿಂಗಡಣೆಯಿಲ್ಲದೆ ಸಿದ್ಧವಾಗಿರುತ್ತದೆ.

ಸ್ಥಳಾಧಾರಿತ ಆದೇಶಗಳು ಮತ್ತು ಬೆಂಗಳೂರಿನ ಒಂದು ನಿದರ್ಶನ

2016ರಲ್ಲಿ ಬಂದ 3.2 ಆವೃತ್ತಿಯಿಂದ ರೆಡಿಸ್‌ನಲ್ಲಿ ಭೂಮಿಯ ಮೇಲಿನ ಸ್ಥಳಗಳನ್ನು ದಾಖಲಿಸುವ ಆದೇಶಗಳಿವೆ. ಜಿಯೋಆಡ್ ಆದೇಶವು ಸ್ಥಳವನ್ನು ದಾಖಲಿಸುತ್ತದೆ. 6.2 ಆವೃತ್ತಿಯಲ್ಲಿ ಸೇರಿದ ಜಿಯೋಸರ್ಚ್ ಆದೇಶವು ಒಂದು ಬಿಂದುವಿನಿಂದ ಇಂತಿಷ್ಟು ದೂರದೊಳಗೆ ಇರುವ ಅಂಶಗಳನ್ನು ಹುಡುಕಿಕೊಡುತ್ತದೆ. ಒಳಗೆ ಇದು ಶ್ರೇಣೀಕೃತ ಗಣವೇ ಆಗಿದೆ. ರೇಖಾಂಶ ಮತ್ತು ಅಕ್ಷಾಂಶಗಳೆರಡನ್ನೂ ಹೆಣೆದು ಮಾಡಿದ 52 ಬಿಟ್‌ಗಳ ಒಂದು ಸಂಖ್ಯೆಯನ್ನು ಅಂಕವಾಗಿ ಬಳಸಲಾಗುತ್ತದೆ.

ಜಿಯೋಆಡ್ ಆಟೊ:ದಕ್ಷಿಣ 77.57 12.93 ಆಟೊ1
ಜಿಯೋಸರ್ಚ್ ಆಟೊ:ದಕ್ಷಿಣ ಫ್ರಮ್‌ಲಾನ್‌ಲ್ಯಾಟ್ 77.57 12.93 ಬೈರೇಡಿಯಸ್ 2 ಕೆಎಂ ಎಎಸ್‌ಸಿ

ಮೊದಲನೆಯದು ತ್ಯಾಗರಾಜನಗರದ ಸುಮಾರಿನಲ್ಲಿ ಒಂದು ಆಟೊ ಇರುವುದನ್ನು ದಾಖಲಿಸುತ್ತದೆ. ಎರಡನೆಯದು ಆ ಬಿಂದುವಿನಿಂದ 2 ಕಿಲೋಮೀಟರ್ ಒಳಗಿನ ಆಟೊಗಳನ್ನು ಸಮೀಪದಿಂದ ದೂರಕ್ಕೆ ಪಟ್ಟಿಮಾಡುತ್ತದೆ. ಇಲ್ಲಿ ರೇಖಾಂಶ ಮೊದಲು, ಅಕ್ಷಾಂಶ ಬಳಿಕ ಬರುತ್ತದೆ. ಭೂಪಟ ಓದುವವರ ರೂಢಿ ಇದಕ್ಕೆ ವಿರುದ್ಧವಾದುದರಿಂದ ಇವು ಅದಲುಬದಲಾಗುವ ಸಂಭವ ಹೆಚ್ಚು. ಮೇಲಿನ ಸಂಖ್ಯೆಗಳನ್ನು ತಿರುಗಿಸಿ ಬರೆದರೆ ಆಟೊವು ಉತ್ತರ ಧ್ರುವದ ಕಡೆಗಿರುವ ಸ್ವಾಲ್ಬಾರ್ಡ್ ದ್ವೀಪಸಮೂಹದ ಬಳಿ ದಾಖಲಾಗುತ್ತದೆ. ಆ ಸಂಖ್ಯೆಗಳೂ ಸಿಂಧುವಾದ ಮಿತಿಯಲ್ಲೇ ಇರುವುದರಿಂದ ಸರ್ವರ್ ಯಾವ ದೋಷವನ್ನೂ ಸೂಚಿಸುವುದಿಲ್ಲ. ಹುಡುಕಿದಾಗ ಆಟೊ ಸಿಗುವುದಿಲ್ಲ, ಅಷ್ಟೆ.

ಇಂತಹ ಬಳಕೆಯ ನಿದರ್ಶನ ಬೆಂಗಳೂರಿನಲ್ಲಿಯೇ ಇದೆ. ಜಸ್‌ಪೇ ಸಂಸ್ಥೆಯು ನಗರದ ಆಟೊರಿಕ್ಷಾ ಚಾಲಕರ ಸಂಘದೊಂದಿಗೆ ಸೇರಿ ರೂಪಿಸಿ, 2022ರ ನವೆಂಬರ್‌ನಲ್ಲಿ ಆರಂಭಿಸಿದ ನಮ್ಮ ಯಾತ್ರಿ ಎಂಬ ಆಟೊ ಸೇವೆಯ ತಂತ್ರಾಂಶದ ಆಕರವು ಸಾರ್ವಜನಿಕವಾಗಿ ಲಭ್ಯವಿದೆ. ಹ್ಯಾಸ್ಕೆಲ್ ಭಾಷೆಯಲ್ಲಿ ಬರೆದ ಅದರ ಹಿನ್ನೆಲೆಯ ತಂತ್ರಾಂಶವು ಪೋಸ್ಟ್‌ಗ್ರೆಸ್ ಡೇಟಾಬೇಸನ್ನೂ ರೆಡಿಸ್ ಅನ್ನೂ ಬಳಸುತ್ತದೆ. ಚಾಲಕರ ಸ್ಥಾನವನ್ನು ಅನುಸರಿಸಲು ರಸ್ಟ್ ಭಾಷೆಯಲ್ಲಿ ಬರೆದ ಪ್ರತ್ಯೇಕ ಘಟಕವೂ ರೆಡಿಸ್ ಅನ್ನು ಅವಲಂಬಿಸಿದೆ.

ಎರಡು ಬಗೆಯ ಡೇಟಾಬೇಸ್ ಏಕೆ ಬೇಕು ಎಂಬುದಕ್ಕೆ ದತ್ತಾಂಶದ ಸ್ವರೂಪವೇ ಉತ್ತರ. ಸಂಚಾರದಲ್ಲಿರುವ ಆಟೊದ ಸ್ಥಾನವು ಕೆಲವೇ ಸೆಕೆಂಡುಗಳಲ್ಲಿ ಹಳತಾಗುತ್ತದೆ. ಅದು ಕಳೆದುಹೋದರೂ ಮುಂದಿನ ಸೂಚನೆಯೊಡನೆ ಸರಿಹೋಗುತ್ತದೆ. ಪ್ರಯಾಣದ ಬಾಡಿಗೆಯ ಲೆಕ್ಕವಾದರೋ ವರ್ಷಗಳ ಬಳಿಕವೂ ಬೇಕಾಗಬಹುದು. ಮೊದಲನೆಯದು ಸ್ಮೃತಿಗೆ, ಎರಡನೆಯದು ಡಿಸ್ಕ್ ಆಧಾರಿತ ಡೇಟಾಬೇಸ್‌ಗೆ ತಕ್ಕುದು.

ಆಯುಷ್ಯವು ಕೀಲಿಗೆ ಸೇರಿದ್ದೇ ಹೊರತು ಶ್ರೇಣೀಕೃತ ಗಣದೊಳಗಿನ ಒಂದೊಂದು ಅಂಶಕ್ಕೆ ಸೇರಿದ್ದಲ್ಲ ಎಂಬುದು ಈ ಸಂದರ್ಭದಲ್ಲಿ ಗಮನಾರ್ಹ. ಕೆಲಸ ಮುಗಿಸಿ ಮನೆಗೆ ತೆರಳಿದ ಚಾಲಕನ ಹೆಸರು ಗಣದಲ್ಲಿ ಹಾಗೆಯೇ ಉಳಿದಿರುತ್ತದೆ. ಅದನ್ನು ಝಡ್‌ರೆಮ್ ಆದೇಶದಿಂದ ತೆಗೆಯಬೇಕು. ಇಲ್ಲವೇ ಕೀಲಿಯ ಹೆಸರಿನಲ್ಲಿಯೇ ಕಾಲಾವಧಿಯನ್ನು ಸೇರಿಸಿ, ಆ ಇಡೀ ಕೀಲಿಗೆ ಆಯುಷ್ಯವನ್ನು ಕೊಡಬೇಕು.

ಕನ್ನಡ ಪಠ್ಯದ ಬಳಕೆ

ರೆಡಿಸ್‌ಗೆ ಅಕ್ಷರಗಳ ಅರಿವಿಲ್ಲ. ಅದು ಬೈಟ್‌ಗಳನ್ನಷ್ಟೇ ತಿಳಿಯುತ್ತದೆ. ಯುಟಿಎಫ್-8 ಸಂಕೇತದಲ್ಲಿ ಕನ್ನಡದ ಪ್ರತಿಯೊಂದು ಸಂಕೇತಬಿಂದುವೂ 3 ಬೈಟ್‌ಗಳನ್ನು ಆಕ್ರಮಿಸುತ್ತದೆ. ಇದರಿಂದ ಕನ್ನಡ ಬಳಸುವವರಿಗೆ ಕೆಲವು ವಿಶೇಷ ಪರಿಣಾಮಗಳು ಉಂಟಾಗುತ್ತವೆ.

ಪ್ರದರ್ಶನ: ರೆಡಿಸ್-ಸಿಎಲ್‌ಐ ಸಾಧನದಲ್ಲಿ ಗೆಟ್ ಮಾಡಿದಾಗ ಕನ್ನಡ ಮೌಲ್ಯವು ಓರೆಗೆರೆಗಳೂ ಹದಿನಾರು ಆಧಾರದ ಸಂಖ್ಯೆಗಳೂ ಕೂಡಿದ ಸರಣಿಯಾಗಿ ಕಾಣಿಸುತ್ತದೆ. ದತ್ತಾಂಶ ಕೆಟ್ಟಿದೆ ಎಂದು ಇದರ ಅರ್ಥವಲ್ಲ. ಎರಡು ಅಡ್ಡಗೆರೆಗಳ ನಂತರ ರಾ ಎಂಬ ಆಯ್ಕೆಯನ್ನು ಬರೆದು ಸಾಧನವನ್ನು ತೆರೆದರೆ ಕನ್ನಡವು ಕನ್ನಡವಾಗಿಯೇ ಕಾಣುತ್ತದೆ.

ಉದ್ದ: ಮೌಲ್ಯದ ಉದ್ದವನ್ನು ತಿಳಿಸುವ ಸ್ಟ್ರ್‌ಲೆನ್ ಆದೇಶವು ಕನ್ನಡ ಎಂಬ ಮೂರಕ್ಷರದ ಪದಕ್ಕೆ 15 ಎಂದು ಉತ್ತರಿಸುತ್ತದೆ. ಕ, ನ, ವಿರಾಮ ಚಿಹ್ನೆ, ನ, ಡ ಎಂಬ ಐದು ಸಂಕೇತಬಿಂದುಗಳಿಗೆ ತಲಾ 3 ಬೈಟ್‌ಗಳು. ಇದೇ ರೀತಿ ಏಳಕ್ಷರಗಳ ತ್ಯಾಗರಾಜನಗರಕ್ಕೆ 33 ಎಂಬ ಉತ್ತರ ಬರುತ್ತದೆ. ಸ್ಮೃತಿಯ ಅಂದಾಜು ಮಾಡುವಾಗ ಇದನ್ನು ಪರಿಗಣಿಸಬೇಕು.

ತುಂಡರಿಸುವಿಕೆ: ಗೆಟ್‌ರೇಂಜ್ ಆದೇಶದಿಂದ ಮೌಲ್ಯದ ಒಂದು ಭಾಗವನ್ನು ಪಡೆಯಬಹುದು. ಕನ್ನಡ ಎಂಬ ಮೌಲ್ಯದಲ್ಲಿ 0ರಿಂದ 2ರವರೆಗೆ ಕೇಳಿದರೆ ಕ ಎಂಬ ಅಕ್ಷರ ಸರಿಯಾಗಿ ಬರುತ್ತದೆ. 0ರಿಂದ 3ರವರೆಗೆ ಕೇಳಿದರೆ ನ ಅಕ್ಷರವು ಒಡೆದು ಓದಲಾಗದ ಚಿಹ್ನೆ ಉಳಿಯುತ್ತದೆ.

ಅಂಕಿಗಳು: ಇನ್‌ಕ್ರ್ ಮೊದಲಾದ ಆದೇಶಗಳು 0ರಿಂದ 9ರವರೆಗಿನ ಅಂಕಿಗಳನ್ನು ಮಾತ್ರ ಸಂಖ್ಯೆಯೆಂದು ಗುರುತಿಸುತ್ತವೆ. ೧೦ ಎಂದು ಕನ್ನಡ ಅಂಕಿಗಳಲ್ಲಿ ಇರಿಸಿದ ಮೌಲ್ಯವನ್ನು ಹೆಚ್ಚಿಸಲು ಯತ್ನಿಸಿದರೆ ಅದು ಪೂರ್ಣಾಂಕವಲ್ಲ ಎಂಬ ದೋಷಸೂಚನೆ ಬರುತ್ತದೆ.

ಒಂದೇ ರೂಪದ ಭಿನ್ನ ಕೀಲಿಗಳು: ಕೊಡಗು ಎಂಬ ಪದದ ಒತ್ವವನ್ನು ಯೂನಿಕೋಡ್‌ನಲ್ಲಿ ಒಂದೇ ಚಿಹ್ನೆಯಾಗಿಯೂ ಎರಡು ಚಿಹ್ನೆಗಳ ಜೋಡಣೆಯಾಗಿಯೂ ಬರೆಯಲು ಸಾಧ್ಯ. ಕಣ್ಣಿಗೆ ಎರಡೂ ಒಂದೇ. ಆದರೆ ಒಂದು 15 ಬೈಟ್, ಇನ್ನೊಂದು 18 ಬೈಟ್. ರೆಡಿಸ್ ಇವನ್ನು ಎರಡು ಬೇರೆ ಕೀಲಿಗಳೆಂದೇ ಪರಿಗಣಿಸುತ್ತದೆ. ವ್ಯಂಜನಾಂತ ಪದಗಳ ಕೊನೆಯಲ್ಲಿ ಕೆಲವು ಕೀಲಿಮಣೆ ತಂತ್ರಾಂಶಗಳು ಸೇರಿಸುವ ಅಗೋಚರ ವಿಭಜಕ ಚಿಹ್ನೆಯಿಂದಲೂ ಇದೇ ಪರಿಣಾಮವಾಗುತ್ತದೆ. ಒಬ್ಬರು ದಾಖಲಿಸಿದ ಲಾಲ್‌ಬಾಗ್ ಮತ್ತೊಬ್ಬರು ಹುಡುಕಿದಾಗ ನಿಲ್ ಎಂದು ಬರಲು ಇದು ಕಾರಣವಾಗಬಹುದು. ಆದ್ದರಿಂದ ಕನ್ನಡ ಪಠ್ಯವನ್ನು ಕೀಲಿಯಾಗಿ ಬಳಸುವ ಮೊದಲು ಏಕರೂಪಕ್ಕೆ ತರುವ ಕೆಲಸವನ್ನು ರೆಡಿಸ್‌ನ ಹೊರಗೆ, ಅದನ್ನು ಬಳಸುವ ತಂತ್ರಾಂಶದಲ್ಲಿಯೇ ಮಾಡಬೇಕಾಗುತ್ತದೆ.

ಅಕಾರಾದಿ: ಶ್ರೇಣೀಕೃತ ಗಣದಲ್ಲಿ ಅಂಕಗಳು ಸಮನಾಗಿದ್ದರೆ ಅಂಶಗಳು ಬೈಟ್‌ಗಳ ಕ್ರಮದಲ್ಲಿ ಜೋಡಣೆಯಾಗುತ್ತವೆ. ಯೂನಿಕೋಡ್‌ನಲ್ಲಿ ಳ ಅಕ್ಷರವು ಲ ಅಕ್ಷರದ ಬಳಿಕವೇ ಬರುತ್ತದೆ. ಕನ್ನಡದ ವರ್ಣಮಾಲೆಯಲ್ಲಿ ಅದರ ಸ್ಥಾನ ಹ ಅಕ್ಷರದ ನಂತರ. ಹೀಗಾಗಿ ನಿಘಂಟಿನ ಕ್ರಮದಲ್ಲಿ ಬಹಳ ಎಂಬ ಪದದ ನಂತರ ಬರಬೇಕಾದ ಬಳೆ ಎಂಬ ಪದವು ರೆಡಿಸ್‌ನಲ್ಲಿ ಅದಕ್ಕಿಂತ ಮೊದಲೇ ಬರುತ್ತದೆ.

ಉಳಿಕೆ ಮತ್ತು ನಷ್ಟ

ಸ್ಮೃತಿಯಲ್ಲಿರುವ ದತ್ತಾಂಶವನ್ನು ಡಿಸ್ಕ್‌ಗೆ ಉಳಿಸಲು ರೆಡಿಸ್‌ನಲ್ಲಿ ಎರಡು ವಿಧಾನಗಳಿವೆ. ಆರ್‌ಡಿಬಿ ವಿಧಾನದಲ್ಲಿ ಆಗಾಗ ಇಡೀ ದತ್ತಾಂಶದ ಪ್ರತಿಯೊಂದನ್ನು ತೆಗೆದಿಡಲಾಗುತ್ತದೆ. 7.0 ಆವೃತ್ತಿಯ ಪೂರ್ವನಿಗದಿಯಂತೆ 3600 ಸೆಕೆಂಡುಗಳಲ್ಲಿ ಕನಿಷ್ಠ 1, 300 ಸೆಕೆಂಡುಗಳಲ್ಲಿ ಕನಿಷ್ಠ 100 ಅಥವಾ 60 ಸೆಕೆಂಡುಗಳಲ್ಲಿ ಕನಿಷ್ಠ 10,000 ಬದಲಾವಣೆಗಳಾದರೆ ಪ್ರತಿಯು ಸಿದ್ಧವಾಗುತ್ತದೆ. ಎರಡು ಪ್ರತಿಗಳ ನಡುವೆ ವಿದ್ಯುತ್ ಹೋದರೆ ಆ ನಡುವಿನ ಬದಲಾವಣೆಗಳು ನಷ್ಟವಾಗುತ್ತವೆ.

ಎಒಎಫ್ ವಿಧಾನದಲ್ಲಿ ದತ್ತಾಂಶವನ್ನು ಬದಲಿಸುವ ಪ್ರತಿಯೊಂದು ಆದೇಶವನ್ನೂ ದಿನಚರಿಯಂತೆ ಕಡತಕ್ಕೆ ಬರೆಯಲಾಗುತ್ತದೆ. ಸರ್ವರ್ ಮತ್ತೆ ಆರಂಭವಾದಾಗ ಆ ಆದೇಶಗಳನ್ನು ಪುನಃ ನೆರವೇರಿಸಿ ಹಿಂದಿನ ಸ್ಥಿತಿಗೆ ಮರಳುತ್ತದೆ. ಸೆಕೆಂಡಿಗೊಮ್ಮೆ ಬರೆಯುವ ಸಾಮಾನ್ಯ ಏರ್ಪಾಡಿನಲ್ಲಿ ಸುಮಾರು ಒಂದು ಸೆಕೆಂಡಿನಷ್ಟು ಕೆಲಸ ಮಾತ್ರ ನಷ್ಟವಾಗುವ ಸಂಭವವಿದೆ. ಈ ವಿಧಾನವನ್ನು ಬಳಕೆದಾರರೇ ಸಕ್ರಿಯಗೊಳಿಸಬೇಕು.

ಸ್ಮೃತಿಯ ಮಿತಿ ತುಂಬಿದಾಗ ಏನಾಗಬೇಕು ಎಂಬುದನ್ನೂ ನಿಗದಿಪಡಿಸಬಹುದು. ಪೂರ್ವನಿಗದಿಯಂತೆ, ಮಿತಿಯನ್ನು ತಲುಪಿದ ಮೇಲೆ ಹೆಚ್ಚು ಸ್ಮೃತಿ ಬೇಡುವ ಬರಹಗಳನ್ನು ಸರ್ವರ್ ನಿರಾಕರಿಸುತ್ತದೆ. ಬಹುಕಾಲ ಬಳಸದ ಕೀಲಿಗಳನ್ನು ತಾನಾಗಿ ತೆಗೆದುಹಾಕುವಂತೆಯೂ ಸೂಚಿಸಬಹುದು.

ಎಚ್ಚರಿಕೆ ಅಗತ್ಯವಿರುವ ಆದೇಶಗಳು

ಕೀಸ್: ಮಾದರಿಗೆ ಹೊಂದುವ ಎಲ್ಲ ಕೀಲಿಗಳನ್ನು ಪಟ್ಟಿಮಾಡುವ ಆದೇಶ. ಕಲಿಯುವಾಗ ಇದು ಉಪಯುಕ್ತ. ಆದರೆ ಇದು ಪ್ರತಿಯೊಂದು ಕೀಲಿಯನ್ನೂ ಪರೀಕ್ಷಿಸುವುದರಿಂದ, ಲಕ್ಷಾಂತರ ಕೀಲಿಗಳಿರುವ ಸರ್ವರ್‌ನಲ್ಲಿ ಇದು ಮುಗಿಯುವ ತನಕ ಉಳಿದವರೆಲ್ಲರೂ ಕಾಯಬೇಕಾಗುತ್ತದೆ. ಬಳಕೆಯಲ್ಲಿರುವ ಸರ್ವರ್‌ಗಳಲ್ಲಿ ಇದರ ಬದಲು, ಸ್ವಲ್ಪಸ್ವಲ್ಪವಾಗಿ ಪಟ್ಟಿಯನ್ನು ಕೊಡುವ ಸ್ಕ್ಯಾನ್ ಆದೇಶವನ್ನು ಬಳಸುತ್ತಾರೆ. ಅದರಲ್ಲಿ ಒಂದೇ ಕೀಲಿ ಎರಡು ಬಾರಿ ಬರುವ ಸಾಧ್ಯತೆಯಿದೆ.

ಫ್ಲಶ್‌ಡಿಬಿ ಮತ್ತು ಫ್ಲಶ್‌ಆಲ್: ರೆಡಿಸ್‌ನಲ್ಲಿ ಪೂರ್ವನಿಗದಿಯಂತೆ 0ರಿಂದ 15ರವರೆಗೆ ಹದಿನಾರು ವಿಭಾಗಗಳಿರುತ್ತವೆ, ಅವುಗಳ ನಡುವೆ ಸೆಲೆಕ್ಟ್ ಆದೇಶದಿಂದ ಸಂಚರಿಸಬಹುದು. ಫ್ಲಶ್‌ಡಿಬಿ ಒಂದು ವಿಭಾಗವನ್ನು, ಫ್ಲಶ್‌ಆಲ್ ಎಲ್ಲವನ್ನೂ ಬರಿದುಮಾಡುತ್ತದೆ. ಎರಡೂ ದೃಢೀಕರಣವನ್ನು ಕೇಳುವುದಿಲ್ಲ. ಹಿಂದೆಗೆದುಕೊಳ್ಳುವ ಆದೇಶವೂ ಇಲ್ಲ.

ಮಲ್ಟಿ ಮತ್ತು ಎಕ್ಸೆಕ್: ಇವೆರಡರ ನಡುವೆ ಬರೆದ ಆದೇಶಗಳು ಒಟ್ಟಾಗಿ, ನಡುವೆ ಬೇರೆಯವರ ಪ್ರವೇಶವಿಲ್ಲದೆ ನೆರವೇರುತ್ತವೆ. ಆದರೆ ನೆರವೇರುವಾಗ ಒಂದು ಆದೇಶ ವಿಫಲವಾದರೂ ಉಳಿದವು ರದ್ದಾಗುವುದಿಲ್ಲ. ಬ್ಯಾಂಕ್ ಡೇಟಾಬೇಸ್‌ಗಳಲ್ಲಿರುವಂತಹ ಹಿಂಸರಿಯುವ ವ್ಯವಸ್ಥೆ ಇಲ್ಲಿ ಇಲ್ಲ.

ರೆಡಿಸ್ ಸರ್ವರ್ ಅನ್ನು ಗುಪ್ತಪದವಿಲ್ಲದೆ ಅಂತರಜಾಲಕ್ಕೆ ತೆರೆದಿಡುವುದು ಅಪಾಯಕರ. 3.2 ಆವೃತ್ತಿಯಿಂದ, ಗುಪ್ತಪದ ಮೊದಲಾದ ಏರ್ಪಾಡು ಮಾಡದ ಸರ್ವರ್ ಹೊರಗಿನ ಸಂಪರ್ಕಗಳನ್ನು ತಾನಾಗಿ ನಿರಾಕರಿಸುತ್ತದೆ. 6.0 ಆವೃತ್ತಿಯಿಂದ ಪ್ರತಿಯೊಬ್ಬ ಬಳಕೆದಾರರಿಗೂ ಯಾವ ಆದೇಶಗಳಿಗೆ ಅನುಮತಿಯಿದೆ ಎಂದು ನಿಗದಿಪಡಿಸಬಹುದಾಗಿದ್ದು, ಮೇಲಿನ ಅಪಾಯಕಾರಿ ಆದೇಶಗಳನ್ನು ಹಾಗೆ ನಿರ್ಬಂಧಿಸಲು ಸಾಧ್ಯ.

ಪರವಾನಗಿ ಮತ್ತು ವಾಲ್ಕಿ

ಆರಂಭದಿಂದ ರೆಡಿಸ್‌ನ ಮೂಲಭಾಗವು ಬಿಎಸ್‌ಡಿ ಪರವಾನಗಿಯಡಿ ಮುಕ್ತ ತಂತ್ರಾಂಶವಾಗಿತ್ತು. 2024ರ ಮಾರ್ಚ್‌ನಲ್ಲಿ ಸಂಸ್ಥೆಯು ಮುಂದಿನ ಆವೃತ್ತಿಗಳನ್ನು ನಿರ್ಬಂಧಗಳುಳ್ಳ ಬೇರೆ ಪರವಾನಗಿಗಳಿಗೆ ಬದಲಿಸಿತು. ಇದನ್ನು ಒಪ್ಪದ ಅಭಿವೃದ್ಧಿಕಾರರು ಅದೇ ತಿಂಗಳು ಲಿನಕ್ಸ್ ಫೌಂಡೇಶನ್ ಆಶ್ರಯದಲ್ಲಿ, 7.2.4 ಆವೃತ್ತಿಯನ್ನು ಆಧರಿಸಿ ವಾಲ್ಕಿ ಎಂಬ ಕವಲನ್ನು ಆರಂಭಿಸಿದರು. 2025ರ ಮೇ ತಿಂಗಳಲ್ಲಿ ಬಂದ ರೆಡಿಸ್ 8 ಆವೃತ್ತಿಯಿಂದ ಎಜಿಪಿಎಲ್ ಎಂಬ ಮುಕ್ತ ಪರವಾನಗಿಯನ್ನೂ ಆಯ್ಕೆಯಾಗಿ ಸೇರಿಸಲಾಗಿದೆ. ಈ ಲೇಖನದಲ್ಲಿ ವಿವರಿಸಿದ ಮೂಲ ಆದೇಶಗಳು ಎರಡು ತಂತ್ರಾಂಶಗಳಲ್ಲಿಯೂ ಒಂದೇ ರೀತಿ ಕಾರ್ಯನಿರ್ವಹಿಸುತ್ತವೆ.